ಮೆಟ್ಟಿಲು ನೋಡುತ್ತಿದ್ದ ಕಂಡಕ್ಟರ್

ಸಿಂಧನೂರು–ಲಿಂಗಸುಗೂರು ಬಸ್ಸಿನ ಆ ಕಂಡಕ್ಟರ್ ಒಂದು ಹಾಕಿ ಪಂದ್ಯವನ್ನೂ ನೋಡಿದವನಲ್ಲ. ನಮ್ಮ ತಂಡದಲ್ಲಿ ಯಾರಿರಬೇಕು, ಯಾರನ್ನು ಬೇರೆ ಊರಿನಿಂದ ಕರೆತರಬೇಕು ಎಂದು ಕಾಲೇಜು ಹುಡುಗರಾದ ನಾವು ಕಿತ್ತಾಡುವಾಗ, ಟಿಕೆಟ್ ಪಂಚನ್ನು ಕಂಬಿಗೆ ಕುಟ್ಟುತ್ತ, "ನಾ ಆಟ ನೋಡಿಲ್ಲಪಾ, ಮಂದೀನ್ನ ನೋಡೀನಿ" ಎನ್ನುತ್ತಿದ್ದ.

ಫೈನಲ್ಲಿನ ವಾರ, ಮಸ್ಕಿಯ ಫಾರ್ವರ್ಡ್ ಆಡಲೇಬೇಕೆಂದು ನಾನು ವಾದಿಸುತ್ತಿದ್ದೆ.

"ಅವನ್ನ ಬಿಡ್ರಿ. ಮಂಡಿ ನೋವೈತಿ, ಮುಚ್ಚಿಟ್ಟಾನ" ಎಂದ ಕಂಡಕ್ಟರ್.

"ನೀವೇನು ಡಾಕ್ಟರೇನ್ರೀ? ಪುರಾವೆ ಕೊಡ್ರಿ."

"ಮೂರು ದಿನ ಆತು, ಬಸ್ ಹತ್ತುವಾಗ ಬಲಗಾಲು ಮೊದ್ಲ ಇಟ್ಟಿಲ್ಲ."

ಎಲ್ಲರೂ ನಕ್ಕೆವು. ಮಸ್ಕಿ ಬಂತು. ಬಾಗಿಲಿಗೆ ಬಂದ ಆಟಗಾರನಿಗೆ ನಮ್ಮ ಕಣ್ಣೆಲ್ಲ ತನ್ನ ಕಾಲ ಮೇಲಿರುವುದು ತಿಳಿಯಿತು. ಹಟದಿಂದ ಬಲಗಾಲನ್ನೇ ಮೆಟ್ಟಿಲಿಗಿಟ್ಟ. ಭಾರ ಬೀಳುತ್ತಲೇ ಮಂಡಿ ಕುಸಿಯಿತು. ಕಂಡಕ್ಟರ್ ತೋಳು ಹಿಡಿದು ಮೇಲೆಳೆದು, "ಹತ್ತಲೇ, ಹೊತ್ತಾತು" ಎಂದು ಗದರಿ ತನ್ನ ಸೀಟಿನಲ್ಲೇ ಕೂರಿಸಿದ.

"ಕ್ಯಾಪ್ಟನ್‌ಗೆ ಹೇಳಬ್ಯಾಡ್ರಣ್ಣಾ" ಎಂದು ಅವನು ನನ್ನನ್ನು ಬೇಡಿಕೊಂಡ. "ಈ ಸಲ ಬಿಟ್ರ ಮತ್ತ ನನ್ನ ಕರೆಯಂಗಿಲ್ಲ."

ಕಂಡಕ್ಟರ್ ನನ್ನ ಭುಜ ತಟ್ಟಿದ.

"ವಕೀಲ್ ಸಾಬ್, ಮಂಡಿ ವಾಸಿ ಆಗೋತನ ಇವನ ಜಾಗ ಇವನಿಗೇ ಇರ್ಬೇಕು. ಅದಕ್ಕ ವಾದ ಮಾಡ್ರಿ, ನೋಡೂಣು" ಎಂದವನೇ ಡ್ರೈವರನಿಗೆ ರೈಟ್ ಹೇಳಿದ.