ಫಿಬಾಳ ಹೆಸರು ಬೇಡವೆಂದವರು

ಎರಡು ವರ್ಷಗಳ ಹಿಂದೆ ನಾನು ಗ್ರಂಥಾಲಯದ ನೌಕರಿ ಬಿಟ್ಟು, ಮಿಲ್ಪಿಟಾಸ್‌ನ ನನ್ನ ಅಪಾರ್ಟ್‌ಮೆಂಟಿನಿಂದಲೇ ವಂಶಾವಳಿ ಸಂಶೋಧನೆಯನ್ನು ವೃತ್ತಿಯಾಗಿ ಆರಂಭಿಸಿದ್ದೆ. ಚರ್ಚಿನ ನೋಂದಣಿ, ಉಯಿಲು, ಜನಗಣತಿ ಇವುಗಳ ಮೂಲಕ ಒಂದು ಕುಟುಂಬವನ್ನು ಹಿಂದಕ್ಕೆ ಹುಡುಕುತ್ತಾ ಹೋಗುವ ಕೆಲಸ ಅದು. ಇವನು ಇಂಥವನ ಮಗನೇ ಎನ್ನಲು ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾಖಲೆಗಳಾದರೂ ಬೇಕು. ನಾವು ‘ಪ್ರೂಫ್’ ಎನ್ನುವುದು ಇದನ್ನೇ. ಅದಿಲ್ಲದಿದ್ದರೆ ನಾನು ವಂಶವೃಕ್ಷದಲ್ಲಿ ಗೆರೆ ಎಳೆಯುವುದಿಲ್ಲ.

ವಸುಧಾ ಆಂಟಿ ನನ್ನ ಮೊದಲ ಕನ್ನಡದ ಗಿರಾಕಿ. ಅವರ ಮನೆ ಫಾಸ್ಟರ್ ಸಿಟಿಯಲ್ಲಿ, ಹಿತ್ತಿಲು ದಾಟಿದರೆ ನೀರು. ಹಾಲಿನ ಗೋಡೆಯ ಮೇಲೆ ಅವರ ಯಜಮಾನರಾದ ಸೀತಾರಾಂ ಅಂಕಲ್ ಅವರ ಹನ್ನೆರಡು ತಲೆಮಾರಿನ ವಂಶವೃಕ್ಷವಿತ್ತು. ಮಗಳು ಅನಘಾಳ ನಿಶ್ಚಿತಾರ್ಥ ಡೇನಿಯಲ್ ಎಂಬ ಹುಡುಗನ ಜೊತೆ ಲಿವರ್‌ಮೋರ್ ದೇವಸ್ಥಾನದ ಹಾಲಿನಲ್ಲಿ ನಡೆಯುವುದಿತ್ತು.

“ಅವನ ಕಡೆಯೋರು ಇಂಗ್ಲೆಂಡಲ್ಲಿ ದೊಡ್ಡ ವ್ಯಾಪಾರಸ್ಥರು, ಜಮೀನ್ದಾರರು ಅಂತೆ ಕಣೆ,” ಎಂದರು ಆಂಟಿ. “ಮೈಸೂರಿಂದ ನಮ್ಮ ನಾದಿನಿ ಬರ್ತಾಳೆ. ಹುಡುಗ ಯಾರೋ ಏನೋ ಅಂತ ಅವಳು ಮೂಗು ಮುರಿಯೋಕೆ ಮುಂಚೆ ವೇದಿಕೆ ಹಿಂದೆ ನಮ್ಮ ವಂಶವೃಕ್ಷದ ಪಕ್ಕದಲ್ಲಿ ಅವನದೂ ತೂಗಾಡ್ತಿರಬೇಕು.”

ಬದುಕಿರುವವರ ವಂಶವನ್ನು ಅವರ ಒಪ್ಪಿಗೆಯಿಲ್ಲದೆ ಕೆದಕುವುದು ನಮ್ಮ ವೃತ್ತಿಯಲ್ಲಿ ಸಲ್ಲದು. ಹಾಗಾಗಿ ಡೇನಿಯಲ್‌ಗೆ ಫೋನ್ ಮಾಡಿದೆ. ಅವನು ಒಪ್ಪಿದ, ಒಂದು ಷರತ್ತಿನ ಮೇಲೆ: ಏನೇ ಸಿಕ್ಕರೂ ತನಗೊಂದು ಪ್ರತಿ ಬೇಕು. ಮನೆತನಕ್ಕೆ ಹಳೆಯ ನಂಟಿತ್ತು ಎನ್ನಲಾದ ಜಮೈಕಾದ ಹೆಸರೆತ್ತಿದರೆ ಅವನ ತಾತ ಸಾಯುವವರೆಗೂ ಮಾತು ಬದಲಿಸುತ್ತಿದ್ದರಂತೆ. ಯಾಕೆ ಎಂಬುದು ಅವನಿಗೆ ಗೊತ್ತಾಗಬೇಕಿತ್ತು. ಷರತ್ತನ್ನು ಆಂಟಿಗೂ ತಿಳಿಸಿದೆ. “ಅದಕ್ಕೇನಂತೆ, ಕೊಡು,” ಎಂದರು.

ನಾಲ್ಕು ತಿಂಗಳು ಕೆಲಸ ನಡೆಯಿತು. ಹದಿನೆಂಟನೆಯ ಶತಮಾನದಲ್ಲಿ ಬ್ರಿಸ್ಟಲ್‌ನಲ್ಲಿದ್ದ ಹಾರ್ಕೋಂಬ್ ಎಂಬ ವ್ಯಾಪಾರಿ ಸಿಕ್ಕ. ಜಮೈಕಾದಲ್ಲಿ ಅವನ ಕಬ್ಬಿನ ತೋಟ, ಇಂಗ್ಲೆಂಡಿನಲ್ಲಿ ಆ ದುಡ್ಡಿನಿಂದ ಕೊಂಡ ಜಮೀನು. ಅವನ ಉಯಿಲಿನಲ್ಲಿ ಎತ್ತುಗಳಾದ ಮೇಲೆ, ತಾಮ್ರದ ಕಡಾಯಿಗಳಿಗಿಂತ ಮುಂಚೆ, ಗುಲಾಮರ ಹೆಸರುಗಳಿದ್ದವು. ಫಿಬಾ ಎಂಬ ಹೆಂಗಸು ಅವರಲ್ಲೊಬ್ಬಳು. ವ್ಯಾಪಾರಿಯ ಮಗನಿಂದ ಅವಳಿಗೊಂದು ಗಂಡುಮಗುವಾಯಿತು. ಹೆಸರು ಥಾಮಸ್. ಅಲ್ಲಿನ ಚರ್ಚಿನ ನೋಂದಣಿಯಲ್ಲಿ ತಾಯಿಯ ಹೆಸರಿದೆ, ತಂದೆಯ ಉಯಿಲಿನಲ್ಲಿ ಮಗನ ಹೆಸರಿದೆ. ಥಾಮಸ್‌ನನ್ನು ಬಿಡುಗಡೆ ಮಾಡಿ ಇಂಗ್ಲೆಂಡಿಗೆ ಕಳಿಸಿದರು. ಫಿಬಾಳನ್ನು ತೋಟದ ಜೊತೆಗೇ ಮಾರಿದರು. ಡೇನಿಯಲ್ ಥಾಮಸ್‌ನ ನೇರ ವಂಶಸ್ಥ.

ವರದಿ ಹಿಡಿದು ಫಾಸ್ಟರ್ ಸಿಟಿಗೆ ಹೋದೆ. ಅಂಕಲ್, ಅನಘಾ ಇಬ್ಬರೂ ಮನೆಯಲ್ಲಿದ್ದರು. ಆಂಟಿ ಕೋಡುಬಳೆ, ಕಾಫಿ ತಂದಿಟ್ಟರು. ಮೊದಲು ವ್ಯಾಪಾರದ ವಿಷಯ ಹೇಳಿದೆ. ಮನುಷ್ಯರನ್ನು ಕೊಂಡರು, ಮಾರಿದರು ಎಂದು ಬಿಡಿಸಿಯೇ ಹೇಳಿದೆ.

ಅಂಕಲ್ ಕೋಡುಬಳೆ ಮುರಿಯುತ್ತಾ, “ಆಗಿನ ಕಾಲದಲ್ಲಿ ಎಲ್ಲರೂ ಮಾಡ್ತಿದ್ದದ್ದೇ ಅಲ್ವೇನಮ್ಮ? ಎಕ್ಸ್‌ಪೋರ್ಟ್ ಇಂಪೋರ್ಟ್ ಅಂತ ಹಾಕಿಬಿಡು,” ಎಂದರು.

ನಂತರ ಫಿಬಾಳ ವಿಷಯ ಹೇಳಿದೆ. ಕೋಡುಬಳೆಯ ಸದ್ದು ನಿಂತಿತು. ಆಂಟಿ ಮೆಲ್ಲಗೆ ಕೇಳಿದರು: “ಅಂದ್ರೆ... ನಾಳೆ ಮಕ್ಕಳಾದ್ರೆ ಅದು ಬಣ್ಣದಲ್ಲಿ ಕಾಣುತ್ತಾ?”

“ಅಮ್ಮಾ! ಡು ಯು ಈವನ್ ಹಿಯರ್ ಯುವರ್‌ಸೆಲ್ಫ್?” ಎಂದಳು ಅನಘಾ.

“ನೀನು ಸುಮ್ನಿರು. ನಾಳೆ ಜನರ ಮಾತು ಕೇಳೋಳು ನಾನು.” ಆಂಟಿ ನನ್ನ ಕೈ ಹಿಡಿದುಕೊಂಡರು. “ಆ ಒಂದು ಹೆಸರು ಬಿಟ್ಬಿಡು ಪುಟ್ಟಿ. ಡೇನಿಯಲ್‌ಗೂ ಹೇಳೋದು ಬೇಡ. ನೀನು ನಮ್ಮೋಳು, ನಿಂಗೆ ಅರ್ಥ ಆಗುತ್ತೆ.”

ಆ ಕೈಯಿಂದ ಕೈ ಬಿಡಿಸಿಕೊಂಡೆ. ಮಾರಿದವನ ಹೆಸರು ಗೋಡೆಗೆ ಬೇಕು, ಮಾರಾಟವಾದವಳದು ಬೇಡ.

“ತಾಯಿಯ ಹೆಸರು ಬಿಟ್ಟರೆ ಅದು ವಂಶಾವಳಿ ಆಗಲ್ಲ ಆಂಟಿ,” ಎಂದೆ.

“ಯಾಕಾಗಲ್ಲ? ನಮ್ಮದರಲ್ಲಿ ಒಂದಾದ್ರೂ ಹೆಂಗಸಿನ ಹೆಸರಿದ್ಯಾ ನೋಡು!”

ನೋಡಿದೆ. ಇರಲಿಲ್ಲ. ಹನ್ನೆರಡು ತಲೆಮಾರು ಗಂಡಸರು ಗಂಡಸರನ್ನೇ ಹೆತ್ತಿದ್ದರು. ಡೇನಿಯಲ್‌ನದನ್ನೂ ಹಾಗೆ ಬರೆಯಬಹುದಿತ್ತು. ಒಂದು ಗೆರೆಯೂ ಸುಳ್ಳಾಗುತ್ತಿರಲಿಲ್ಲ. ನನಗೆ ಹೇಸಿಗೆಯಾದದ್ದು ಅದಕ್ಕೇ.

“ಅಂಕಲ್, ನಿಮ್ಮ ಮುತ್ತಜ್ಜಿಯ ಹೆಸರೇನು?” ಎಂದು ಕೇಳಿದೆ.

ಅವರು ಹೆಂಡತಿಯ ಮುಖ ನೋಡಿದರು. “ನಂಗೇನು ಗೊತ್ತು? ನಿಮ್ಮ ಕಡೆಯೋರು!” ಎಂದರು ಆಂಟಿ. ಅಂಕಲ್ ಗೋಡೆಯ ಕಡೆ ತಿರುಗಿದರು, ಅಲ್ಲಿ ಬರೆದಿರಬಹುದು ಎಂಬಂತೆ.

ಎತ್ತುಗಳ ಜೊತೆ ಲೆಕ್ಕಕ್ಕೆ ಸೇರಿದ್ದರಿಂದ ಫಿಬಾಳ ಹೆಸರಾದರೂ ಉಳಿದಿತ್ತು. ಈ ಮನೆಯ ಹೆಂಗಸರು ಲೆಕ್ಕಕ್ಕೂ ಬಂದಿರಲಿಲ್ಲ.

ಮನೆಗೆ ಬಂದವಳೇ ಪೂರ್ಣ ವರದಿಯನ್ನು ಡೇನಿಯಲ್‌ಗೆ ಕಳಿಸಿದೆ. ಮರುದಿನ ಅವನು ಫೋನ್ ಮಾಡಿದ. ಫಿಬಾಳನ್ನು ಮಾರಿದಾಗ ಥಾಮಸ್‌ಗೆ ಎಷ್ಟು ವಯಸ್ಸು ಎಂದು ಕೇಳಿದ. ಆರು ಎಂದೆ. “ನಿಶ್ಚಿತಾರ್ಥದ ದಿನ ಅವಳ ಹೆಸರು ಅಲ್ಲಿರುತ್ತದೆ,” ಎಂದ.

ಇರಲಿಲ್ಲ. ಅನಘಾ ಕರೆದಿದ್ದಳೆಂದು ಲಿವರ್‌ಮೋರ್‌ಗೆ ಹೋಗಿದ್ದೆ. ವೇದಿಕೆಯ ಹಿಂದೆ ಹೂವಿನ ಪರದೆ ಮಾತ್ರವಿತ್ತು. ಫಿಬಾಳ ಹೆಸರಿಲ್ಲದೆ ತನ್ನ ವಂಶವೃಕ್ಷ ತೂಗುಹಾಕುವಂತಿಲ್ಲ ಎಂದು ಡೇನಿಯಲ್ ಪಟ್ಟು ಹಿಡಿದನಂತೆ. ಆಂಟಿ ಎರಡನ್ನೂ ತೆಗೆಸಿಬಿಟ್ಟಿದ್ದರು. “ಫ್ರೇಮ್ ಒಡೆದುಹೋಯ್ತು ಕಣೇ,” ಎಂದು ನಾದಿನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. “ಇಂಗ್ಲಿಷ್ ಜಮೀನ್ದಾರರು, ಗೊತ್ತಾ? ಎಕ್ಸ್‌ಪೋರ್ಟ್ ಇಂಪೋರ್ಟು.”

ಆ ಮೇಲೆ ಆಂಟಿ ನನ್ನ ಬಗ್ಗೆ ಏನು ಹೇಳಿದರೋ, ಕನ್ನಡದ ಗಿರಾಕಿಗಳು ಆಗಾಗ ಕರೆ ಮಾಡುತ್ತಾರೆ. “ತಂದೆ ಕಡೆಯದು ಸಾಕು, ಜಾಸ್ತಿ ಕೆದಕೋದು ಬೇಡ,” ಎಂದೇ ಶುರು ಮಾಡುತ್ತಾರೆ. ದಾಖಲೆಗಳಲ್ಲಿ ಇಲ್ಲದ್ದಕ್ಕಿಂತ, ಇದ್ದೂ ಬೇಡವಾದದ್ದೇ ಹೆಚ್ಚು ಎಂದು ಈ ಕೆಲಸ ನನಗೆ ಕಲಿಸಿದೆ. ಹಾಗಾಗಿ ನನ್ನ ಮೊದಲ ಪ್ರಶ್ನೆ ಈಗ ಒಂದೇ: ನಿಮ್ಮ ಮುತ್ತಜ್ಜಿಯ ಹೆಸರು ಹೇಳಿ, ಅಲ್ಲಿಂದ ಆರಂಭಿಸೋಣ.

ಹೆಚ್ಚಿನವರು ಮತ್ತೆ ಕರೆ ಮಾಡುವುದಿಲ್ಲ.