ಎಡಗಡೆ ನಿಂತವನು

ಗಾಜಿನ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಕಣ್ಣಕ್ಕ ಅಂತಲೇ. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವನಾದ ಮ್ಯಾನೇಜರ್ ಕೂಡ ಹಾಗೇ ಕರೆಯುತ್ತಿದ್ದ. ಬೆಳಕು ಹಾಕಿದ ಬಿಳಿ ಪರದೆಯ ಎದುರು ಒಂದು ಸ್ಟೂಲು, ಪರದೆಗೂ ಅವಳಿಗೂ ನಡುವೆ ಓಡುವ ಬೆಲ್ಟು, ಬೆಲ್ಟಿನ ಮೇಲೆ ಸಾಲಾಗಿ ಬರುವ ಔಷಧಿ ಬಾಟಲಿಗಳು. ಬಿರುಕು, ಗುಳ್ಳೆ, ಸೊಟ್ಟ ಕತ್ತು ಕಂಡರೆ ಎತ್ತಿ ಡಬ್ಬಕ್ಕೆ ಎಸೆಯಬೇಕು. ಎಲ್ಲಕ್ಕಿಂತ ಕೆಟ್ಟದ್ದು ಎಳೆ. ಅಂದರೆ ಬಾಟಲಿಯ ಹೊಟ್ಟೆಯೊಳಗೆ ಒಂದು ಬದಿಯಿಂದ ಇನ್ನೊಂದಕ್ಕೆ ಕೂದಲಿನಷ್ಟು ತೆಳ್ಳಗೆ ಅಡ್ಡ ನಿಂತ ಗಾಜು. ಅದು ಮುರಿದು ಔಷಧಿಯಲ್ಲಿ ಸೇರಿದರೆ ಕುಡಿದವರ ಗತಿ ದೇವರಿಗೇ ಪ್ರೀತಿ. ಅಂಥ ಎಳೆ ಕಣ್ಣಕ್ಕನ ಮುಂದೆ ದಾಟಿ ಹೋಗುತ್ತಿರಲಿಲ್ಲ.

ಹಾಗಂತ ಹುಟ್ಟುತ್ತಲೇ ಹದ್ದಿನ ಕಣ್ಣು ತಂದವಳಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳ ಶತ್ರು ಒಂದು ಕೆಂಪು ದೀಪ. ಬೆಲ್ಟಿನ ಎಡತುದಿಯ ಗೋಡೆಯ ಮೇಲೆ, ಯಂತ್ರ ಓಡುವಷ್ಟು ಹೊತ್ತೂ ಕಣ್ಣು ಮಿಟುಕಿಸುತ್ತಿತ್ತು. ಒಂದು ಸಲ ಮಿಟುಕಿದರೆ ಒಂದು ಬಾಟಲಿ ತಪ್ಪಿತು ಅಂತಲೇ ಲೆಕ್ಕ. ಅವಳು ಅಳುವ ಹಾಗಾದಾಗ, ಕೆಲಸ ಕಲಿಸುತ್ತಿದ್ದ ಮುದುಕಿ ಬೊಚ್ಚುಬಾಯಲ್ಲಿ ನಕ್ಕಿದ್ದಳು.

"ನೋಡಬಾರದು ಅಂದ್ಕೊಂಡ್ರೆ ಅದೇ ಕಾಣುತ್ತೆ ಮಗಳೇ. ಔಷಧಿ ಕುಡಿಯೋವಾಗ ಕೋತಿ ನೆನೆಸ್ಕೋಬೇಡ ಅಂದ ಹಾಗೆ. ಅದರ ಜೊತೆ ಜಗಳಕ್ಕೆ ನಿಲ್ಲಬೇಡ. ಅಲ್ಲಿ ನಿನಗೆ ಬೇಕಾದ್ದು ಏನೂ ಇಲ್ಲ ಅಂತ ನಿನ್ನ ಕಣ್ಣಿಗೇ ಒಂದಿನ ಗೊತ್ತಾಗುತ್ತೆ."

ಹಾಗೇ ಆಯಿತು. ಯಾವತ್ತು ಅಂತ ಅವಳಿಗೂ ಗೊತ್ತಿಲ್ಲ. ಕೆಂಪು ದೀಪ ಕೆಟ್ಟಿದೆ ಅಂತ ಯಾರೋ ಹೇಳಿದಾಗ "ಯಾವ ದೀಪ?" ಅಂದಳಂತೆ.

ಇದರಿಂದ ಕಷ್ಟಕ್ಕೆ ಸಿಕ್ಕವನು ಬೆಲ್ಟು ರಿಪೇರಿಯ ಮೆಕ್ಯಾನಿಕ್. ಸದಾ ಕೈಯಲ್ಲಿ ಇರುತ್ತಿದ್ದ ಸಾಮಾನಿನಿಂದ ಅವನ ಹೆಸರು ಎಣ್ಣೆಡಬ್ಬಿ. ಆ ದೀಪದ ಕೆಳಗೇ ಬೆಲ್ಟಿನ ಚಕ್ರ ಇತ್ತು. ಅವನು ತಲೆ ಬಾಚಿಕೊಂಡು ಬಂದು, ಅಲ್ಲಿ ನಿಂತು, ಅವಳ ಕಡೆ ನೋಡಿ ನಗುತ್ತಾ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ. ಆ ಚಕ್ರ ಅಷ್ಟು ಎಣ್ಣೆಯನ್ನು ಜನ್ಮದಲ್ಲಿ ಕಂಡಿರಲಿಲ್ಲ. ಇವಳು ಮಾತ್ರ ತಿಂಗಳುಗಟ್ಟಲೆ ಕತ್ತು ತಿರುಗಿಸಲಿಲ್ಲ. "ಜಂಬದ ಕೋಳಿ, ಬಿಟ್ಟುಬಿಡೋ" ಅಂದರು ಗೆಳೆಯರು. ಕೊನೆಗೆ ಒಂದು ದಿನ ಬೆಲ್ಟು ನಿಂತು, ಬಲಗಡೆ ಒಂದು ತಿರುಪು ಬಿಗಿಯಬೇಕಾಗಿ ಅವನು ಆ ಕಡೆ ಬಂದ. ಅವಳು ಮರ್ಯಾದೆಯಿಂದಲೇ ಕೇಳಿದಳು, "ನೀವು ಹೊಸಬರಾ?"

ಅವನ ಕೈಯಿಂದ ಎಣ್ಣೆಡಬ್ಬಿ ಬಿತ್ತು. ಆದರೂ ಮದುವೆಯಾಯಿತು. ಅಂದಿನಿಂದ ಮನೆಯಲ್ಲಿ ಅವನು ಊಟಕ್ಕೆ ಕೂರುವುದು ಅವಳ ಬಲಗಡೆಗೇ. ಎಡಕ್ಕೆ ಕೂತರೆ ಎರಡನೇ ಸಲ ಬಡಿಸುವುದಿಲ್ಲ ಅಂತ ನೆಂಟರ ಮುಂದೆ ಛೇಡಿಸುತ್ತಿದ್ದ.

ತಲೆ ನರೆಯಿತು, ಎಣ್ಣೆಡಬ್ಬಿ ನಿವೃತ್ತನಾದ. ಆಮೇಲೆ ಕಾರ್ಖಾನೆಯಲ್ಲಿ ಎಲ್ಲವನ್ನೂ ಹೊಸದು ಮಾಡಿದರು. ಕೆಂಪು ದೀಪ ಕಿತ್ತರು, ಪರದೆ ಬದಲಾಯಿಸಿದರು, ಮುಂಚೆ ಬಲದಿಂದ ಬರುತ್ತಿದ್ದ ಬಾಟಲಿಗಳನ್ನು ಎಡದಿಂದ ಬರುವ ಹಾಗೆ ಮಾಡಿದರು. ಕೆಲವೇ ವಾರಗಳಲ್ಲಿ ಕೊಂಡವರು ಪೆಟ್ಟಿಗೆ ವಾಪಸು ಕಳಿಸಿದರು. ಒಳಗಿನ ಬಾಟಲಿಗಳಲ್ಲಿ ಎಳೆ. ಎಲ್ಲವೂ ಕಣ್ಣಕ್ಕ ಪಾಸು ಮಾಡಿದವು.

"ತಪ್ಪು ತಿಳ್ಕೋಬೇಡಿ, ವಯಸ್ಸಾದ್ರೆ ಎಲ್ಲರಿಗೂ ಆಗೋದೇ" ಅಂದ ಮ್ಯಾನೇಜರ್. ಕಣ್ಣಿನ ಡಾಕ್ಟರು ಮಾತ್ರ ಕಣ್ಣು ಚೆನ್ನಾಗಿದೆ ಅಂದರು. ಅದು ಇನ್ನೂ ಕಷ್ಟವಾಯಿತು. ಕಣ್ಣು ಕೆಟ್ಟಿದ್ದರೆ ಕನ್ನಡಕ ಹಾಕಬಹುದಿತ್ತು. ತಿಂಗಳ ಕೊನೆಗೆ ಒಂದು ಪರೀಕ್ಷೆ, ಅದರಲ್ಲಿ ಗೆದ್ದರೆ ಸ್ಟೂಲು, ಸೋತರೆ ಕೊನೆವರೆಗೂ ಪ್ಯಾಕಿಂಗ್ ಅಂತ ತೀರ್ಮಾನವಾಯಿತು. ಅಲ್ಲಿಯವರೆಗೂ ಅವಳನ್ನು ಪ್ಯಾಕಿಂಗ್‌ಗೇ ಹಾಕಿದರು, ಸಂಬಳ ಕಡಿಮೆ ಮಾಡಲಿಲ್ಲ. ಆದರೆ ಪ್ಯಾಕಿಂಗ್‌ನಲ್ಲಿ ಯಾರೂ ಅವಳನ್ನು ಕಣ್ಣಕ್ಕ ಅನ್ನಲಿಲ್ಲ. ಸಂಕೋಚದಿಂದ ಬರೀ ಅಕ್ಕ ಅಂದರು. ಅವಳು ಮನೆಗೆ ಬಂದು ಅತ್ತಳು.

"ಆ ಎಳೆ ಕಾಣೋದು ಎಲ್ಲಿ?" ಗಂಡ ಕೇಳಿದ.

"ಎಡತುದೀಲಿ ಒಳಗೆ ಬರೋವಾಗ ಒಂದು ಸಲ ಮಿನುಗುತ್ತಂತೆ. ಮುಂದೆ ಹೊಸ ಪರದೆ ಬೆಳಕಲ್ಲಿ ಕರಗಿ ಹೋಗುತ್ತೆ."

ಅವನು ನಕ್ಕುಬಿಟ್ಟ.

"ನನ್ನ ಹೊಟ್ಟೆ ಉರೀತಿದೆ, ನಿಮಗೆ ನಗು."

"ಅದು ನಾನು ನಿಂತಿದ್ದ ಜಾಗ ಕಣೇ. ಅಲ್ಲಿ ಆರಡಿ ಆಳೇ ಕಾಣದವಳಿಗೆ ಕೂದಲೆಳೆ ಎಲ್ಲಿ ಕಾಣಬೇಕು?"

"ದೀಪ ಕಿತ್ತು ಹಾಕಿದಾರಲ್ರೀ."

"ಕಿತ್ತಿದಾರೆ. ನಿನ್ನ ಕಣ್ಣಿಗೆ ಅದನ್ನ ಯಾರೂ ಹೇಳಿಲ್ಲ."

ಅವನು ಕಾರ್ಖಾನೆಯ ಹಳೆಯ ಗೆಳೆಯರಿಂದ ಎಳೆ, ಬಿರುಕು ಇದ್ದ ಬಾಟಲಿಗಳನ್ನು ತಂದ. ಅಡುಗೆಮನೆ ಕಿಟಕಿಯ ಮುಂದೆ ಹಲಗೆ ಇಟ್ಟು ಎಡದಿಂದ ಒಂದೊಂದಾಗಿ ತಳ್ಳಿದ. ಎಡಕ್ಕೇ ನೋಡುತ್ತೇನೆ ಅಂತ ಅವಳು ಹಟ ಹಿಡಿದರೆ ಬಲಗಡೆಯವು ತಪ್ಪಿದವು. ಮತ್ತೆ ಅದೇ ಕೋತಿ. ಆಗ ಅವನು ಉಪಾಯ ಬದಲಾಯಿಸಿದ. ಅಲ್ಲಿ ಬೇಕಾದ್ದು ಏನೂ ಇಲ್ಲ ಅಂತ ಕಣ್ಣು ಕಲಿತಿದ್ದರೆ, ಬೇಕಾದ್ದನ್ನೇ ಅಲ್ಲಿಡೋಣ ಅಂದುಕೊಂಡ. ಅವಳ ಕಾಫಿ ಲೋಟ, ಬಾಚಣಿಗೆ, ಬೀಗದ ಕೈ, ಎಲ್ಲವೂ ಎಡಕ್ಕೆ ಹೋದವು. ಕೊನೆಗೆ ತನ್ನ ತಟ್ಟೆ ಎತ್ತಿಕೊಂಡು ತಾನೂ ಎಡಕ್ಕೆ ಹೋಗಿ ಕೂತ.

ಮೊದಲ ದಿನ ಅವಳು ಬಲಗಡೆಗೆ ನೋಡಿ ಕೂಗಿದಳು, "ರೀ, ಎಲ್ಲಿ ಹಾಳಾಗಿ ಹೋದ್ರಿ? ಊಟ ಆರ್ತಿದೆ." ಅವನು ಪಕ್ಕದಲ್ಲೇ ಉಣ್ಣುತ್ತಿದ್ದ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ಆ ಕಡೆ ಕೂತರೆ ತಾನು ಯಾರೂ ಅಲ್ಲ ಅಂತ ಅವನಿಗೆ ನಿಜಕ್ಕೂ ನೋವಾಯಿತು. ಉಪ್ಪು ಕೇಳಿದ. ಮರುದಿನವೂ ಅಲ್ಲೇ ಕೂತ. ಹಲಗೆಯ ಮೇಲೆ ಬಾಟಲಿ ತಳ್ಳುವುದನ್ನೂ ಬಿಡಲಿಲ್ಲ.

ತಿಂಗಳು ಮುಗಿಯುತ್ತಾ ಬಂದಾಗ, ಒಂದು ಸಂಜೆ ಅವಳು ತರಕಾರಿ ಹೆಚ್ಚುತ್ತಾ ತಲೆ ಎತ್ತದೆಯೇ ಅಂದಳು, "ನಿಮ್ಮ ಅಂಗಿ ಗುಂಡಿ ಕಿತ್ತೋಗಿದೆ, ಕೊಡಿ ಹಾಕ್ತೀನಿ." ಅವನು ಎಡಗಡೆ ನಿಂತಿದ್ದ. ಅಂಗಿ ಬಿಚ್ಚಿ ಕೊಟ್ಟು, ಮೂಗು ಒರೆಸಿಕೊಳ್ಳಲು ಹೊರಗೆ ಹೋದ.

ಪರೀಕ್ಷೆಯ ದಿನ ಅವನೂ ಕಾರ್ಖಾನೆಗೆ ಹೋದ. ಹೋದವನು ಸೀದಾ ಎಡಗೋಡೆಯ ಹತ್ತಿರ, ದೀಪ ಕಿತ್ತ ತೂತುಗಳ ಕೆಳಗೆ ನಿಂತುಕೊಂಡ.

"ಅಲ್ಲಿ ನಿಂತ್ರೆ ಅವರ ಗಮನ ತಪ್ಪುತ್ತೆ" ಅಂದ ಮ್ಯಾನೇಜರ್.

"ನಾನು ಇಲ್ಲಿ ನಿಂತಿದ್ದಕ್ಕೆ ಇವಳ ಗಮನ ಯಾವತ್ತೂ ತಪ್ಪಿಲ್ಲ ಸಾರ್. ಬೇಕಾದಷ್ಟು ನಿಂತು ನೋಡಿದೀನಿ."

ಬೆಲ್ಟು ಓಡಿತು. ಕಣ್ಣಕ್ಕನ ಕೈ ಚಾಚಿತು, ಮತ್ತೆ ಚಾಚಿತು. ಪರೀಕ್ಷೆಗೆಂದು ಬೆರೆಸಿದ್ದ ಎಳೆ ಬಾಟಲಿಗಳು ಎಡತುದಿಯಲ್ಲೇ ಸಿಕ್ಕಿ ಡಬ್ಬಕ್ಕೆ ಬಿದ್ದವು. ಒಂದೂ ದಾಟಲಿಲ್ಲ. ಮ್ಯಾನೇಜರ್ ತಲೆಯಾಡಿಸಿ, "ಸ್ಟೂಲು ನಿಮ್ಮದೇ ಕಣ್ಣಕ್ಕ" ಅಂದು ಬೆಲ್ಟು ನಿಲ್ಲಿಸಿದ.

ಅವಳು ಕೈ ಒರೆಸಿಕೊಂಡಳು. ಕತ್ತು ತಿರುಗಿಸದೆ, ಪರದೆಯನ್ನೇ ನೋಡುತ್ತಾ ಎಡಗಡೆಗೆ ಕೇಳಿದಳು.

"ನೀವು ಹೊಸಬರಾ?"

"ಇಲ್ಲಮ್ಮ" ಅಂದ ಅವನು. "ತುಂಬಾ ದಿನದಿಂದ ಇಲ್ಲೇ ನಿಂತಿದೀನಿ."