ತಿರುವಿನಲ್ಲಿ ಉಳಿದ ಕಲ್ಲು

ಅವರ ಬಲಗೈ ಎಡಗೈಗಿಂತ ಕಪ್ಪು. ಒಂದು ಛಾಯೆ ಹೆಚ್ಚು ಅಂತಲ್ಲ, ಬೇರೆ ಯಾರದೋ ಕೈ ತಂದು ಜೋಡಿಸಿದಷ್ಟು ಕಪ್ಪು. ಲಾರಿಯ ಕಿಟಕಿಯ ಮೇಲೆ ಮೊಣಕೈಯೂರಿ ವರ್ಷಗಟ್ಟಲೆ ಬಿಸಿಲು ತಿಂದ ಕೈ. ಊಟಕ್ಕೆ ಕೂತಾಗ ಇಬ್ಬರು ಒಂದೇ ತಟ್ಟೆಗೆ ಕೈ ಹಾಕಿದಂತೆ ಕಾಣುತ್ತಿತ್ತು.

ಕನಕಪುರದಲ್ಲಿ ನಮ್ಮ ಎದುರುಮನೆಯವರು. ರಕ್ತಸಂಬಂಧವೇನಿಲ್ಲ, ಬೀದಿಯ ಮಕ್ಕಳಿಗೆಲ್ಲ ಡ್ರೈವರ್ ಮಾವ. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಿಗೆ ಹೋಗತೊಡಗಿದ ಮೇಲೆ ಅವರಿಗೆ ನನ್ನ ಹೆಸರು ಮರೆತೇ ಹೋಯಿತು. "ಏನ್ ಲಾಯರಮ್ಮ, ಇವತ್ತು ಯಾರ್ನ ಸೋಲಿಸ್ದೆ?" ನಾನು ಓದುತ್ತಿರುವುದು ಬಿ.ಕಾಂ. ಎಂದರೆ, "ಲೆಕ್ಕ ಬರೆಯೋರು ಇಷ್ಟು ಬಾಯಿ ಮಾಡಾಕಿಲ್ಲ ಕಣವ್ವ" ಅನ್ನುತ್ತಿದ್ದರು.

ಅವರೊಡನೆ ವಾದಿಸುವುದು ನನಗೆ ಇಷ್ಟ. ಕೋಪ ಬರುತ್ತಿರಲಿಲ್ಲ, ಮುಗಿಯುವವರೆಗೂ ಕೇಳುತ್ತಿದ್ದರು. ಲಾರಿಯ ಮುಂದೆ ಅವರು ಕಟ್ಟುವ ನಿಂಬೆಹಣ್ಣು ನೋಡಿ ಒಮ್ಮೆ ಕೇಳಿದ್ದೆ:

"ನಿಂಬೆಹಣ್ಣಿಗೆ ಬ್ರೇಕ್ ಒತ್ತೋಕೆ ಬರುತ್ತಾ ಮಾವ?"

"ಬರಾಕಿಲ್ಲ. ಅದಕ್ಕೇ ನಾನೂ ಒಂದ್ ಕಾಲು ಮಡಗಿರ್ತೀನಿ."

ಇನ್ನೊಂದು ಅಭ್ಯಾಸ ಮಾತ್ರ ನನಗೆ ಅರ್ಥವಾಗಿರಲಿಲ್ಲ. ಎಲ್ಲಿ ಕೂತಿದ್ದರೂ ಎದ್ದು ಒಂದೆರಡು ಹೆಜ್ಜೆ ಹೋದ ಮೇಲೆ ನಿಂತು, ತಿರುಗಿ, ಕೂತಿದ್ದ ಜಾಗ ನೋಡುತ್ತಿದ್ದರು. ನಮ್ಮ ಜಗುಲಿಯಲ್ಲಿ ಕಾಫಿ ಕುಡಿದು ಎದ್ದರೂ ಅಷ್ಟೆ. ಟವೆಲ್ ಹುಡುಕುತ್ತಾರೆ ಅಂತ ಅಮ್ಮ ಅಂದುಕೊಂಡಿದ್ದಳು. ಮೂಢನಂಬಿಕೆ ಅಂತ ನಾನು.

ಮಾವಿನ ಕಾಲದ ಒಂದು ಬೆಳಿಗ್ಗೆ ರಾಮನಗರದಲ್ಲಿ ನನಗೆ ಸ್ಪರ್ಧೆಯಿತ್ತು. ಬಸ್ಸು ತಪ್ಪಿತು. ಕೋಡಿಹಳ್ಳಿ ಕಡೆಯ ತೋಟದಿಂದ ಹಣ್ಣು ತುಂಬಿಕೊಂಡು ರಾಮನಗರದ ಮಂಡಿಗೆ ಹೊರಟಿದ್ದ ಮಾವ ಲಾರಿ ನಿಲ್ಲಿಸಿ, "ಹತ್ತು ಲಾಯರಮ್ಮ, ಘಮಘಮ ಅನ್ಕೊಂಡು ಹೋಗು" ಅಂದರು.

ಅರ್ಧ ದಾರಿ ಆಗಿರಬೇಕು. ಒಂದು ತಿರುವಿನಲ್ಲಿ ಹಳ್ಳಕ್ಕೆ ಚಕ್ರ ಇಳಿದು ಎದ್ದಿತು. ಕೆಳಗಿನಿಂದ ಬುಸ್ಸೆಂದು ಗಾಳಿ ಹೋದ ಸದ್ದು. ಲಾರಿ ಮುಗ್ಗರಿಸಿ ನಿಂತಿತು.

"ಗಾಳಿ ಪೈಪ್ ಒಡೀತು. ಬ್ರೇಕ್ ಹಿಡ್ಕೊಂಡ್ಬುಡ್ತು."

ಗಾಳಿ ಇಲ್ಲದೆ ಬ್ರೇಕ್ ಬಿಡುವುದಿಲ್ಲವಂತೆ. ತಳ್ಳುವಂತಿಲ್ಲ, ಪಕ್ಕಕ್ಕೆ ಸರಿಸುವಂತಿಲ್ಲ. ಅರ್ಧ ರಸ್ತೆ ನಮ್ಮದೇ, ಹಿಂದಿನಿಂದ ಬರುವವರಿಗೆ ತಿರುಗುವತನಕ ಕಾಣುವುದಿಲ್ಲ. ಮಾವ ಮೆಕ್ಯಾನಿಕ್‌ಗೆ ಫೋನ್ ಮಾಡಿ ಇಳಿದರು. ರಸ್ತೆ ಬದಿಯ ಕಲ್ಲುಗಳನ್ನು ಒಂದೊಂದಾಗಿ ಹೊತ್ತು ತಂದು ಲಾರಿಯ ಹಿಂದೆ ಸಾಲಾಗಿ ಇಟ್ಟು, ಹೊಂಗೆಯ ಕೊಂಬೆ ಮುರಿದು ಅವುಗಳ ಮೇಲೆ ಹೊರಿಸಿದರು.

ನಮ್ಮ ರಸ್ತೆಗಳಲ್ಲಿ ಕೆಟ್ಟು ನಿಂತ ಲಾರಿಗೆ ಇದೇ ಕೆಂಪು ದೀಪ. ರಿಪೇರಿ ಆದೊಡನೆ ಲಾರಿ ಹೊರಟುಹೋಗುತ್ತದೆ. ಸೊಪ್ಪು ಒಣಗಿ ಹಾರಿಹೋಗುತ್ತದೆ. ಕಲ್ಲು ಅಲ್ಲೇ ಇರುತ್ತದೆ. ಇದನ್ನು ತಪ್ಪು ಅಂತ ಎಣಿಸಿದವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮಾವ ತಿರುವಿನ ತುದಿಗೆ ಹೋಗಿ ನೋಡಿ ಬಂದು, ಮತ್ತೆ ಹೋದರು. ಹಣ್ಣಿನ ಯಜಮಾನನ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಎತ್ತಲಿಲ್ಲ.

"ಹಣ್ಣು ಕೆಡುತ್ತೆ ಅಂತ ಭಯವಾ ಮಾವ?"

"ಇದೇ ತಿರುವು ಕಣವ್ವ."

ಆಮೇಲೆ ಹೇಳಿದರು. ಬಹಳ ವರ್ಷಗಳ ಹಿಂದೆ ಇಲ್ಲೇ ಲಾರಿ ಕೆಟ್ಟಿತ್ತು. ಕಲ್ಲು ಇಟ್ಟಿದ್ದರು. ಸರಿಹೋಗುವಷ್ಟರಲ್ಲಿ ಮಳೆ ಹಿಡಿಯಿತು, ಹೊರಟುಬಿಟ್ಟರು. ಮರುದಿನ ಚನ್ನಪಟ್ಟಣದ ಟೀ ಅಂಗಡಿಯಲ್ಲಿ ಯಾರೋ ಮಾತಾಡಿಕೊಳ್ಳುತ್ತಿದ್ದರು: ಆ ತಿರುವಿನಲ್ಲಿ ಕಲ್ಲಿಗೆ ಬೈಕು ಹತ್ತಿ ಪಕ್ಕದ ಹಳ್ಳಿಯವನೊಬ್ಬ ಹೋಗಿಬಿಟ್ಟನಂತೆ.

"ಅವತ್ತಿಂದ ಇಲ್ಲಿ ಗಾಡಿ ನಿಲ್ಸಿಲ್ಲ. ಇವತ್ತು ಅದೇ ನಿಂತ್ಕೊಂಡ್ತು."

ನಾನು ಸುಮ್ಮನಿರುವವಳೇ? ಶುರು ಮಾಡಿದೆ. ಈ ರಸ್ತೆಯಲ್ಲಿ ಕೆಡುವುದು ನಿಮ್ಮ ಲಾರಿ ಒಂದೇನಾ? ಅದು ನೀವಿಟ್ಟ ಕಲ್ಲೇ ಅಂತ ಏನು ಪುರಾವೆ? ಅವನು ಕುಡಿದಿರಲಿಲ್ಲ, ಬೈಕಿಗೆ ದೀಪ ಇತ್ತು ಅಂತ ಯಾರು ನೋಡಿದ್ದಾರೆ? ಇವತ್ತು ಇಲ್ಲೇ ನಿಂತದ್ದಕ್ಕೂ ಕಾರಣ ಕಣ್ಣೆದುರಿಗಿದೆ. ಹಳ್ಳ ಇರುವ ಕಡೆ ಪೈಪು ಒಡೆಯುತ್ತೆ. ಸತ್ತವರಿಗೆ ಪೈಪ್ ಒಡೆಯುವ ಕೆಲಸ ಇರೋದಿಲ್ಲ.

ಮಾವ ಎಂದಿನಂತೆ ಕೊನೆಯವರೆಗೂ ಕೇಳಿದರು.

"ಎಲ್ಲಾ ಸರಿಯಾಗೇ ಹೇಳ್ದೆ. ಆ ತೆಂಗಿನಮರ ಕಾಣ್ತಾವಲ್ಲ, ಅದೇ ಅವ್ನೂರು."

ಅಷ್ಟು ಹೊತ್ತಿಗೆ ಮೆಕ್ಯಾನಿಕ್ ಬಂದು ಲಾರಿಯ ಕೆಳಗೆ ತೂರಿಕೊಂಡ. ತಡವಾಗುತ್ತದೆ ಅಂದ. ಅವನಿಗೆ ಗಾಡಿ ನೋಡಿಕೊಳ್ಳಲು ಹೇಳಿ ಮಾವ ತೆಂಗಿನಮರಗಳ ಕಡೆ ನಡೆಯತೊಡಗಿದರು. ನಾನು ಹಿಂದೆ ಓಡಿದೆ.

"ಹೋಗಿ ಏನಂತ ಹೇಳ್ತೀರ? ಹಿಡಿದು ಹೊಡೆದ್ರೆ?"

"ಹೊಡುದ್ರೆ ಒಂದ್ ದಾರಿ ಆಯ್ತದೆ."

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಸತ್ತವನ ಹೆಂಡತಿ ರೇಷ್ಮೆಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದರು. ಮಾವ ಬಾಗಿಲ ಹತ್ತಿರಕ್ಕೂ ಹೋಗದೆ ಬಿಸಿಲಲ್ಲೇ ನಿಂತು ಹೇಳಿದರು.

"ನಿಮ್ಮ ಯಜಮಾನ್ರು ಬಿದ್ರಲ್ಲವ್ವ, ಆ ತಿರುವಲ್ಲಿ... ಆ ಕಲ್ಲು ಮಡಗಿದ್ದೋನು ನಾನಿರಬೋದು."

'ಇರಬೋದು' ಅನ್ನುವುದು ನನ್ನದು. ಅಷ್ಟು ವಾದ ಮಾಡಿ ನನ್ನಿಂದ ಅವರಿಗೆ ಕೊಡಲು ಸಾಧ್ಯವಾದದ್ದು ಆ ಒಂದು ಪದ.

ಆಕೆಯ ಕೈಯಲ್ಲಿನ ಕತ್ತಿ ನಿಲ್ಲಲಿಲ್ಲ. "ನೆಳ್ಳಿಗೆ ಬನ್ನಿ" ಅಂದರು. ಇನ್ನೊಂದು ಹಿಡಿ ಸೊಪ್ಪು ಎಳೆದುಕೊಂಡು, "ಇನ್ನೊಬ್ರೂ ಬಂದಿದ್ರು" ಅಂದರು.

"ಯಾರವ್ವ?"

"ಲಾರಿಯೋರೇ. ವಯಸ್ಸಾಗಿತ್ತು. ಮಾಗಡಿ ಕಡೆಯೋರು ಅಂದಂಗಿತ್ತು. ಆ ಕಲ್ಲು ನಂದೇ ಅಂದ್ಬುಟ್ಟು ಇಲ್ಲೇ ಕುಂತು ಅತ್ರು. ಹುಳಕ್ಕೆ ಸೊಪ್ಪಾಕೋ ಹೊತ್ತಾಯ್ತು ಏಳಿ ಅಂದೆ."

ನನ್ನೊಳಗೆ ಏನೋ ಜಿಗಿಯಿತು. ಎರಡು ಕಡೆಯಿಂದ ಎರಡು ತಪ್ಪೊಪ್ಪಿಗೆ! ಕನಿಷ್ಠ ಒಂದಾದರೂ ಸುಳ್ಳಾಗಿರಲೇಬೇಕು. ಇದಕ್ಕಿಂತ ಒಳ್ಳೆಯ ಪುರಾವೆ ಯಾವ ಸ್ಪರ್ಧೆಯಲ್ಲೂ ನನಗೆ ಸಿಕ್ಕಿರಲಿಲ್ಲ. ಬಾಯಿ ತೆರೆಯುವುದರಲ್ಲಿದ್ದೆ. ಅಷ್ಟರಲ್ಲಿ ಆಕೆ ಸೊಪ್ಪನ್ನು ಮೊರಕ್ಕೆ ತುಂಬುತ್ತ ಹೇಳಿದರು:

"ಯಾರ್ ಮಡಗುದ್ರೋ ನಂಗೆ ಬ್ಯಾಡ. ಅವತ್ತು ಆ ದಾರೀಲಿ ಏಸೊಂದ್ ಜನ ಹೋಗವ್ರೆ, ಎಲ್ರೂ ನೋಡ್ಕೊಂಡೇ ಹೋಗವ್ರೆ. ಯಾರಾದ್ರೂ ಒಬ್ರು ಇಳಿದು ಎತ್ತಾಕಿದ್ರೆ ಸಾಕಾಗಿತ್ತು."

ಮೊರ ಎತ್ತಿಕೊಂಡು ಒಳಗೆ ಹೋದರು. ತಿರುಗಿ ಬರಲಿಲ್ಲ.

ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಆ ಎರಡನೆಯ ಡ್ರೈವರಿನ ವಿಷಯವನ್ನೇ ಹಿಂಜಿದೆ. "ನೋಡಿದ್ರಾ ಮಾವ, ನಿಮ್ಮದು ಅಂತ ಹೇಳೋಕೆ ಈಗಂತೂ ಸಾಧ್ಯವೇ ಇಲ್ಲ." ಅವರು ಅಂದದ್ದು ಇಷ್ಟೇ: "ಆ ಮಾಗಡಿಯೋನು ಯಾರು ಅಂತ ಗೊತ್ತಾದ್ರೆ ಒಸಿ ಕುಂತು ಮಾತಾಡ್ಬೋದಿತ್ತು."

ಲಾರಿ ಸರಿಯಾಗಿತ್ತು. ಮಾವ ಇಟ್ಟ ಕಲ್ಲುಗಳನ್ನೆಲ್ಲ ಹೊತ್ತು ಚರಂಡಿಯಾಚೆ ಹಾಕಿದರು. ಆಮೇಲೆ, ತಾವು ಇಡದ ಕಲ್ಲುಗಳನ್ನು ಹುಡುಕುತ್ತ ತಿರುವಿನ ಆ ಕೊನೆಯವರೆಗೆ ನಡೆದರು. ನಮ್ಮ ಜಗುಲಿಯಲ್ಲಿ ಅವರು ತಿರುಗಿ ನೋಡುತ್ತಿದ್ದದ್ದು ಟವೆಲ್‌ಗಲ್ಲ. ಮಂಡಿಯಲ್ಲಿ ಹರಾಜು ಮುಗಿದುಹೋಗಿತ್ತು, ಹಣ್ಣಿನ ಯಜಮಾನ ಬಾಯಿಗೆ ಬಂದದ್ದು ಬೈದ. ನನ್ನ ಸ್ಪರ್ಧೆಯೂ ಮುಗಿದಿತ್ತು.

ಆಮೇಲಿನ ವರ್ಷಗಳಲ್ಲಿ ಯಾವ ಲಾರಿ ಸ್ಟ್ಯಾಂಡಿನಲ್ಲಿ ನಿಂತರೂ ಮಾಗಡಿ ಕಡೆಯ ವಯಸ್ಸಾದ ಡ್ರೈವರ್‌ಗಳನ್ನು ವಿಚಾರಿಸುತ್ತಿದ್ದರಂತೆ. ಏನಂತ ವಿಚಾರಿಸುವುದು? 'ನೀವು ಒಬ್ಬರನ್ನ ಕೊಂದಿದ್ದೀರಾ' ಅಂತಲೇ? ಊರು ಕೇಳಿ, ವಯಸ್ಸು ಕೇಳಿ, ಟೀ ಕುಡಿಸಿ ಎದ್ದು ಬರುತ್ತಿದ್ದರು. ಸಿಗಲಿಲ್ಲ.

ಹೋದ ವರ್ಷ ಕಿಡ್ನಿ ಕೈಕೊಟ್ಟು ಆಸ್ಪತ್ರೆ ಸೇರಿದರು. ಒಂದು ಮಧ್ಯಾಹ್ನ ಅವರ ಹೆಂಡತಿ ಊಟಕ್ಕೆ ಹೋದಾಗ ನಾನು ಪಕ್ಕದಲ್ಲಿ ಕೂತಿದ್ದೆ.

"ಲಾಯರಮ್ಮ, ನಿಮ್ಮ ಸ್ಪರ್ಧೇಲಿ ಒಂದೇ ಕಡೆಯೋರು ಮಾತಾಡಿದ್ರೆ ಮುಗೀತಾ?"

"ಇಲ್ಲ ಮಾವ. ಎದುರಿನವರೂ ಮಾತಾಡ್ಬೇಕು."

"ಹಂಗಾರೆ ಆ ಬೈಕಿನೋನ ಕಡೆಯಿಂದ ಒಸಿ ಮಾತಾಡು. ಅವ್ನ ಕಡೆಗೆ ಯಾರೂ ಮಾತಾಡ್ಲೇ ಇಲ್ವಲ್ಲ."

ತಮಾಷೆ ಮಾಡಿ ತಪ್ಪಿಸಿಕೊಳ್ಳಲು ನೋಡಿದೆ. ಅವರು ಕಾದರು. ಮಾತಾಡಿದೆ.

ಕಷ್ಟವಾಗಲಿಲ್ಲ, ನನ್ನನ್ನು ಹೆದರಿಸಿದ್ದು ಅದೇ. ಕಲ್ಲು ಎಲ್ಲಿದೆ ಅಂತ ಇಟ್ಟವನಿಗೆ ಗೊತ್ತಿತ್ತು, ಬರುವವನಿಗೆ ಗೊತ್ತಿರಲಿಲ್ಲ. ಇಟ್ಟವನಿಗೆ ಮಳೆ ಅವಸರ ತಂದಿತು, ಬಂದವನ ಕಣ್ಣು ಕಟ್ಟಿತು. ಮರುದಿನ ಸುದ್ದಿ ಕಿವಿಗೆ ಬಿದ್ದ ಮೇಲೂ ಇಟ್ಟವನು ಹೋಗಿ ನೋಡಲಿಲ್ಲ. ನೋಡಿದ್ದರೆ ಅದು ತನ್ನದೋ ಅಲ್ಲವೋ ತಿಳಿಯುತ್ತಿತ್ತು. ತಿಳಿಯುವುದು ಬೇಡವಾಗಿತ್ತು. ಇನ್ನೊಬ್ಬ ಡ್ರೈವರ್ ಇದ್ದಾನೆ ಅನ್ನುವುದರಿಂದ ಕಲ್ಲು ಹಗುರವಾಗುವುದಿಲ್ಲ, ಕಲ್ಲು ಬಿಟ್ಟವರು ಇಬ್ಬರಾಗುತ್ತಾರೆ.

ಮಾವ ಕಣ್ಣು ಮುಚ್ಚಿ ಕೇಳಿದರು. ನಡುವೆ ನಾನು ತಡವರಿಸಿದಾಗ "ಹೇಳು" ಅಂದರು. ಮುಗಿದ ಮೇಲೆ ಕಣ್ಣು ತೆರೆದರು.

"ಚೆನ್ನಾಗಿ ಮಾತಾಡ್ದೆ" ಅಂದರು. "ಅವ್ನ್ಗೂ ಒಬ್ರು ಸಿಕ್ಕಂಗಾಯ್ತು."

ಆ ವಾರವೇ ಹೋದರು.

ಅವರ ಮನಸ್ಸು ಹಗುರಾಯಿತು ಅಂತ ಅವರ ಹೆಂಡತಿ ಇಂದಿಗೂ ಹೇಳುತ್ತಾರೆ. ನನಗೆ ಗೊತ್ತಿಲ್ಲ. ಅದಕ್ಕೂ ಪುರಾವೆಯಿಲ್ಲ. ನಾನು ದೆವ್ವ ನಂಬುವವಳಲ್ಲ, ಈಗಲೂ ನಂಬುವುದಿಲ್ಲ. ಆದರೆ ಒಂದು ಪಕ್ಷ ಹಿಡಿದು ಮಾತಾಡಲು ಎದ್ದು ನಿಂತಾಗಲೆಲ್ಲ, ಮುಖವನ್ನೇ ನೋಡಿರದ ಒಬ್ಬ ಬೈಕಿನವನು ಎದುರಿನ ಕುರ್ಚಿಯಲ್ಲಿ ಬಂದು ಕೂರುತ್ತಾನೆ. ಬಟ್ಟೆ ಮಳೆಯಲ್ಲಿ ನೆನೆದಿರುತ್ತದೆ. ಅಡ್ಡ ಬಾಯಿ ಹಾಕುವುದಿಲ್ಲ, ತಲೆಯಾಡಿಸುವುದಿಲ್ಲ. ನನ್ನ ಮಾತು ಮುಗಿದು ತನ್ನ ಸರದಿ ಬರಲಿ ಅಂತ ಕಾಯುತ್ತಿರುತ್ತಾನೆ.